ಕಾಣದ ತಳವನ್ನು ತಿದ್ದುವ ಕೌಶಲ

ನೆದರ್ಲೆಂಡ್ಸಿನ ಉತ್ತರ ತೀರದ ವಾಡನ್ ಸಮುದ್ರದಲ್ಲಿ ಇಳಿತದ ವೇಳೆ ಕೆಸರುಬಯಲುಗಳು ಬರಿದಾಗಿ, ನಡುವಣ ಆಳವಾದ ಜಲಪಥಗಳಲ್ಲಿ ಮಾತ್ರ ನೀರು ಉಳಿಯುವುದರಿಂದ, ಅಲ್ಲಿಯ ಪ್ರವಾಹವನ್ನು ಗಣಕಯಂತ್ರದಲ್ಲಿ ಲೆಕ್ಕಹಾಕಲೆಳಸುವವನಿಗೆ ತಳದ ಆಕಾರವೇ ಸರ್ವಸ್ವ. ಡೆಲ್ಫ್ಟ್ ನಗರದಲ್ಲಿ ರೂಪುಗೊಂಡ ಡೆಲ್ಫ್ಟ್ 3ಡಿ ತಂತ್ರಾಂಶದ ಕ್ವಿಕಿನ್ ಎಂಬ ಉಪಕರಣವು, ಅಳತೆಯ ಬಿಂದುಗಳು ದಟ್ಟವಾಗಿರುವೆಡೆ ಲೆಕ್ಕದ ಜಾಲರಿಯ ಪ್ರತಿ ಕೋಶದ ಸರಾಸರಿಯಿಂದಲೂ, ವಿರಳವಾಗಿರುವೆಡೆ ತ್ರಿಕೋನಗಳ ಜಾಲದಿಂದಲೂ, ಏನೂ ಇಲ್ಲದೆಡೆ ನೆರೆಯ ಮೌಲ್ಯಗಳನ್ನು ಒಳಕ್ಕೆ ಹರಡುವುದರಿಂದಲೂ ಆಳವನ್ನು ತುಂಬುತ್ತದೆ.

ಕುಶಲಿಯ ಕೆಲಸ ಆರಂಭವಾಗುವುದು ಅನಂತರವೇ. ದೋಣಿಯು ಜಲಪಥವನ್ನು ಅಡ್ಡಹಾಯ್ದು ಅಳೆದ ಎರಡು ಸಾಲುಗಳ ನಡುವೆ, ಒಂದು ದಡದ ದಿಬ್ಬವನ್ನು ಎದುರು ದಡದ ದಿಬ್ಬಕ್ಕೆ ತ್ರಿಕೋನವೊಂದು ಬೆಸೆದುಬಿಟ್ಟರೆ, ಪ್ರಕೃತಿಯಲ್ಲಿ ಎಂದೂ ಇಲ್ಲದ ಒಡ್ಡೊಂದು ಅಲ್ಲಿ ಏಳುತ್ತದೆ. ಲೆಕ್ಕದ ನೀರು ಅದಕ್ಕೆ ತಡೆದು ನಿಲ್ಲುತ್ತದೆ. ನುರಿತವನು ಅದನ್ನು ಗುರುತಿಸಿ, ಜಲಪಥದ ಬಾಗಿನೊಡನೆ ಬಾಗುವ ಬಹುಭುಜವನ್ನೆಳೆದು, ಪ್ರವಾಹದ ಗುಂಟ ಆಳವನ್ನು ಕೊಂಡೊಯ್ದು, ತಿರುವಿನ ಹೊರದಡದ ಮಡುವನ್ನೂ ಒಳದಡದ ಮರಳುದಿಣ್ಣೆಯನ್ನೂ ಅವವುಗಳ ಸ್ಥಾನದಲ್ಲಿ ಉಳಿಸುತ್ತಾನೆ. ಎಲ್ಲಿ ಕೈ ತಡೆಯಬೇಕೆಂಬ ಅವನ ವಿವೇಕವನ್ನಂತೂ ನಾನು ಅತ್ಯಂತ ಆದರದಿಂದ ಕಾಣುತ್ತೇನೆ. ಏಕೆಂದರೆ ನುಣುಪಿನ ಮೋಹಕ್ಕೆ ಸಿಲುಕಿ ಮತ್ತೆ ಮತ್ತೆ ಸರಾಸರಿ ಮಾಡಿದರೆ ದಿಬ್ಬಗಳು ಕರಗಿ, ಮಡುಗಳು ತುಂಬಿ, ಉಬ್ಬರದ ನೀರು ಹೋಗಬಾರದ ದಾರಿಯನ್ನು ಹಿಡಿಯುತ್ತದೆ.