ಹಣ್ಣೆಲೆಯ ನಗೆ: ಕನ್ನಡದ ಮರಣ ಸಂಕಥನದಲ್ಲಿ ಹಾಸ್ಯದ ನೆಲೆಗಳು

‘ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತಂತೆ’ ಎಂಬ ಗಾದೆಯನ್ನು ಎಳೆಯರ ಅವಿವೇಕವನ್ನು ಎತ್ತಿ ತೋರಿಸಲು ಬಳಸುವುದು ವಾಡಿಕೆ. ತನಗೂ ಅದೇ ಗತಿ ಕಾದಿದೆ ಎಂಬುದನ್ನರಿಯದ ಚಿಗುರಿನ ನಗೆ ಅದು. ಆದರೆ ಹಳೆಯ ಮೈಸೂರು ಸೀಮೆಯ ಜಗಲಿಕಟ್ಟೆಗಳಲ್ಲಿ ಕೇಳಿಬರುವ ನಗೆ ಇದಕ್ಕೆ ತದ್ವಿರುದ್ಧವಾದುದು. ಅಲ್ಲಿ ನಗುವುದು ಹಣ್ಣೆಲೆಯೇ. ‘ಊರು ಹೋಗು ಅಂತದೆ, ಕಾಡು ಬಾ ಅಂತದೆ’ ಎಂದು ವಯಸ್ಸಾದವರು ತಮ್ಮ ಸ್ಥಿತಿಯನ್ನು ತಾವೇ ಬಣ್ಣಿಸಿಕೊಳ್ಳುತ್ತಾರೆ. ಯಮನಿಗೆ ತಮ್ಮ ಮನೆಯ ದಾರಿ ಮರೆತುಹೋಗಿದೆಯೆಂದು ದೂರುತ್ತಾರೆ. ಹೊರಲು ನಾಲ್ಕು ಜನ ಬೇಕಾಗುತ್ತದೆ, ಆದ್ದರಿಂದ ಯಾರೊಡನೆಯೂ ಜಗಳವಾಡುವುದಿಲ್ಲ ಎನ್ನುತ್ತಾರೆ. ಈ ಮಾತುಗಳಿಗೆ ಕೇಳುಗರು ನಗುತ್ತಾರೆ, ಹೇಳಿದವರೂ ನಗುತ್ತಾರೆ.

ಕನ್ನಡ ಜಾನಪದ ಅಧ್ಯಯನವು ಮರಣವನ್ನು ಬಹುಮಟ್ಟಿಗೆ ಎರಡು ನೆಲೆಗಳಲ್ಲಿ ಗ್ರಹಿಸಿದೆ. ಒಂದು, ಹುಟ್ಟು, ಮೈನೆರೆಯುವುದು, ಮದುವೆಗಳ ಸಾಲಿನಲ್ಲಿ ಕೊನೆಯದಾಗಿ ಬರುವ ಜೀವನಾವರ್ತನದ ಆಚರಣೆಯಾಗಿ. ಎರಡು, ಶೋಕಗೀತೆಯ ಪ್ರಕಾರವಾಗಿ. ಹಾಸ್ಯವಾದರೋ ಒಗಟು, ಬೈಗುಳ, ನಗೆಗತೆಗಳ ಅಧ್ಯಾಯಕ್ಕೆ ಸೇರಿಹೋಗುತ್ತದೆ. ಈ ವಿಂಗಡಣೆಯಿಂದಾಗಿ ಸಾವನ್ನು ಕುರಿತ ನಗೆಮಾತು ಎರಡು ಅಧ್ಯಾಯಗಳ ನಡುವಿನ ಸಂದಿಯಲ್ಲಿ ಜಾರಿಹೋಗಿದೆ. ಅದನ್ನು ದುಃಖ ಮರೆಯುವ ಉಪಾಯವೆಂದೋ ಹಳ್ಳಿಗರ ಮುಗ್ಧತೆಯೆಂದೋ ಬಗೆಯುವುದು ಸುಲಭ. ವಾಸ್ತವವಾಗಿ ಈ ನಗೆ ಒಂದು ಕೆಲಸ ಮಾಡುತ್ತದೆ. ನೇರವಾಗಿ ಕೇಳಲಾಗದ ಪ್ರಶ್ನೆಗಳನ್ನು, ಎಂದರೆ ಹೆಣ ಹೊರುವವರು ಯಾರು, ಹೂಳುವುದೆಲ್ಲಿ, ತಿಥಿಯ ಖರ್ಚು ಯಾರದು, ಹೊಲ ಯಾರಿಗೆ ಎಂಬುವನ್ನು, ಬದುಕಿರುವ ವ್ಯಕ್ತಿಯ ಎದುರಿನಲ್ಲಿಯೇ ಎತ್ತಲು ಅದು ಅವಕಾಶ ಕಲ್ಪಿಸುತ್ತದೆ. ನಗೆ ನಿಂತ ಕಡೆ ಈ ಪ್ರಶ್ನೆಗಳು ಅಳಿಯುವುದಿಲ್ಲ. ಬೆನ್ನ ಹಿಂದೆ ಸರಿಯುತ್ತವೆ. ಈ ಪ್ರಮೇಯವನ್ನು ಮಾತು, ಆಚರಣೆ, ಕಾದಂಬರಿ ಮತ್ತು ಚಲನಚಿತ್ರಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮಾತಿನ ಲೋಕ

ಸಾವನ್ನು ಹೇಳಲು ಕನ್ನಡದಲ್ಲಿ ಎರಡು ಶಬ್ದಭಂಡಾರಗಳಿವೆ. ದೈವಾಧೀನ, ಶಿವಾಧೀನ, ಲಿಂಗೈಕ್ಯ, ಕೈಲಾಸವಾಸಿ, ಕಾಲವಾದರು, ತೀರಿಕೊಂಡರು ಎಂಬ ಗೌರವದ ಮಾತುಗಳು ಒಂದು ಕಡೆ. ಇವುಗಳಲ್ಲಿ ಮತಪಂಥಗಳ ಗುರುತು ಸ್ಪಷ್ಟವಾಗಿದೆ. ಗೊಟಕ್ ಅಂದ, ನೆಗೆದುಬಿದ್ದ, ಟಿಕೆಟ್ ತಗೊಂಡ ಎಂಬ ಮಾತುಗಳು ಇನ್ನೊಂದು ಕಡೆ. ಇವುಗಳಿಗೆ ಜಾತಿಯ ಗುರುತಿಲ್ಲ. ಯಾರು ಸತ್ತರೂ ಸಲ್ಲುತ್ತವೆ. ಮೊದಲನೆಯ ಗುಂಪು ಸತ್ತವರನ್ನು ಅವರವರ ಲೋಕಗಳಿಗೆ ಬೇರೆ ಬೇರೆಯಾಗಿ ಕಳುಹಿಸಿದರೆ ಎರಡನೆಯದು ಎಲ್ಲರನ್ನೂ ಒಂದೇ ಬಂಡಿಗೆ ಹತ್ತಿಸುತ್ತದೆ.

ಬೈಗುಳಗಳ ಸಂಗತಿ ಇನ್ನೂ ಕುತೂಹಲಕರ. ‘ನಿನ್ನ ಚಟ್ಟ ಕಟ್ಟ’, ‘ನಿನ್ನ ಬಾಯಿಗೆ ಮಣ್ಣಾಕ’, ‘ನಿನ್ನ ತಿಥಿ ಮಾಡ’, ‘ನಿನ್ನ ತಿಥಿ ವಡೆ ತಿನ್ನ’ ಎಂಬ ಬೈಗುಳಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಚಟ್ಟದಿಂದ ಹನ್ನೊಂದನೆಯ ದಿನದ ಊಟದವರೆಗಿನ ಇಡೀ ಉತ್ತರಕ್ರಿಯೆ ಕ್ರಮವಾಗಿ ದೊರೆಯುತ್ತದೆ. ಹಳ್ಳಿಯ ಮಗು ಹೆಣ ನೋಡುವ ಮೊದಲೇ ಹೆಣಸಂಸ್ಕಾರದ ವಿಧಿಗಳನ್ನು ಅಜ್ಜಿಯ ಬೈಗುಳದಿಂದ ಕಲಿತಿರುತ್ತದೆ. ಇವು ಶಾಪದ ರೂಪದಲ್ಲಿದ್ದರೂ ಅಜ್ಜಿ ಮೊಮ್ಮಗನಿಗೆ ಹೇಳುವಾಗ ಮುದ್ದಿನ ಮಾತುಗಳೇ ಆಗುತ್ತವೆ. ಅದೇ ಮಾತನ್ನು ಅಣ್ಣ ತಮ್ಮನಿಗೆ ಹೊಲದ ಬದುವಿನ ಮೇಲೆ ನಿಂತು ಹೇಳಿದರೆ ಅದು ನಿಜವಾದ ಶಾಪ. ಅರ್ಥ ಪದದಲ್ಲಿಲ್ಲ, ಸಂಬಂಧದಲ್ಲಿದೆ.

ರ‍್ಯಾಡ್‌ಕ್ಲಿಫ್ ಬ್ರೌನ್ 1940ರಲ್ಲಿ ಪರಿಹಾಸ ಸಂಬಂಧಗಳನ್ನು ಕುರಿತು ಬರೆದ ಪ್ರಸಿದ್ಧ ಲೇಖನ ಇಲ್ಲಿ ನೆರವಿಗೆ ಬರುತ್ತದೆ. ಕೆಲವು ಸಂಬಂಧಗಳಲ್ಲಿ ಗೇಲಿ ಮಾಡಲು ಸಮಾಜವೇ ಅನುಮತಿ ನೀಡಿರುತ್ತದೆ. ಗೇಲಿಗೆ ಗುರಿಯಾದವರು ಅದಕ್ಕೆ ಸಿಟ್ಟಾಗಬಾರದೆಂಬುದೂ ಅದೇ ನಿಯಮದ ಭಾಗ. ಅಜ್ಜ ಮೊಮ್ಮಕ್ಕಳ ಸಲುಗೆಯನ್ನೂ ಅವನು ಈ ಸಂದರ್ಭದಲ್ಲಿ ಚರ್ಚಿಸುತ್ತಾನೆ. ಕನ್ನಡದ ಹಳ್ಳಿಗಳಲ್ಲಿಯೂ ‘ಯಾವಾಗ ಹೋಗ್ತೀಯಾ ತಾತ?’ ಎಂದು ಮೊಮ್ಮಗ ಕೇಳಬಹುದು. ‘ನಿನ್ನ ಮದುವೆ ಊಟ ಉಂಡು ಹೋಗ್ತೀನಿ ಕಣ್ಲಾ’ ಎಂದು ತಾತ ಹೇಳಬಹುದು. ಅದೇ ಪ್ರಶ್ನೆಯನ್ನು ಮಗ ಕೇಳಲಾರ. ತಂದೆ ಮಕ್ಕಳ ನಡುವೆ ಜಮೀನು ಅಡ್ಡ ನಿಂತಿರುತ್ತದೆ. ಉತ್ತರಾಧಿಕಾರದ ಲಾಭ ತಕ್ಷಣ ಯಾರಿಗಿದೆಯೋ ಅವರ ಬಾಯಲ್ಲಿ ಸಾವಿನ ಹಾಸ್ಯ ಹಾಸ್ಯವಾಗಿ ಉಳಿಯುವುದಿಲ್ಲ. ಅತ್ತೆ ಸತ್ತ ಆರು ತಿಂಗಳಿಗೆ ಸೊಸೆ ಅತ್ತಳೆಂಬ ಗಾದೆ ಲೇವಡಿ ಮಾಡುವುದು ಈ ಬಗೆಯ ಲಾಭನಷ್ಟದ ಲೆಕ್ಕವನ್ನೇ.

ಕಾಗೆಯ ಎದುರಿನ ಚೌಕಾಸಿ

ಮರಣದ ನಂತರದ ಆಚರಣೆಗಳಲ್ಲಿ ಈ ಮುಕ್ತ ಮಾತುಕತೆ ಬೇರೊಂದು ರೂಪ ತಾಳುತ್ತದೆ. ಹಾಲುತುಪ್ಪದ ದಿನವಾಗಲಿ ತಿಥಿಯ ದಿನವಾಗಲಿ ಎಡೆಯಿಟ್ಟು ದೂರ ಸರಿದು ನಿಂತ ಬಂಧುಗಳು ಕಾಗೆಗಾಗಿ ಕಾಯುತ್ತಾರೆ. ಕಾಗೆ ಎಡೆಯನ್ನು ಮುಟ್ಟಿದರೆ ಸತ್ತವರು ತೃಪ್ತರಾದರೆಂದು ಅರ್ಥ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ. ಆಗ ಆರಂಭವಾಗುವ ಸಂವಾದವನ್ನು ಗಮನಿಸಬೇಕು. ಕಿರಿಯ ಮಗಳ ಮದುವೆ ಮಾಡುತ್ತೇವೆ ಎಂದು ಒಬ್ಬರು ಹೇಳುತ್ತಾರೆ, ಕಾಗೆ ಕದಲುವುದಿಲ್ಲ. ಹೊಲ ಮಾರುವುದಿಲ್ಲ ಎಂದು ಇನ್ನೊಬ್ಬರು ಕೈಮುಗಿಯುತ್ತಾರೆ. ಕಾಗೆ ಹಾರಿ ಇನ್ನೊಂದು ಕೊಂಬೆಗೆ ಕೂರುತ್ತದೆ. ‘ಬೀಡಿ ಇಟ್ಟಿಲ್ಲ ಕಣ್ರೋ, ಅದಕ್ಕೇ ಮುನಿಸ್ಕೊಂಡವ್ನೆ’ ಎಂದು ವಾರಗೆಯ ಮುದುಕನೊಬ್ಬ ಹೇಳಿದಾಗ ಅಳುತ್ತಿದ್ದವರೂ ನಗುತ್ತಾರೆ. ಬೀಡಿ ಬರುತ್ತದೆ. ಕಾಗೆಯೂ ಬರುತ್ತದೆ.

ಇದನ್ನು ನಂಬಿಕೆಯ ಶೀರ್ಷಿಕೆಯಡಿ ದಾಖಲಿಸಿ ಮುಗಿಸುವುದು ಅಪೂರ್ಣ ಓದು. ಕಾಗೆ ಇಲ್ಲಿ ಸಾಕ್ಷಿ. ಅದರ ಎದುರು ಆಡಿದ ಪ್ರತಿಯೊಂದು ಮಾತನ್ನೂ ನೆಂಟರು, ನೆರೆಯವರು, ಊರಿನ ಹಿರಿಯರು ಕೇಳಿಸಿಕೊಂಡಿರುತ್ತಾರೆ. ತಂಗಿಯ ಮದುವೆಯ ಹೊಣೆ, ತಾಯಿಯ ಪೋಷಣೆ, ಸಾಲದ ತೀರುವಳಿ ಇವೆಲ್ಲ ಬಹಿರಂಗವಾಗಿ ಒಪ್ಪಿತವಾಗುತ್ತವೆ. ಪತ್ರ ಬರೆಯದ ಸಮಾಜದ ಮರಣಶಾಸನ ಇದು; ಬರೆಸಿದವನು ಸತ್ತ ಮೇಲೆ, ಅವನ ಪರವಾಗಿ ಹಕ್ಕಿಯೊಂದು ರುಜು ಹಾಕುತ್ತದೆ. ನಡುವೆ ಬರುವ ಬೀಡಿಯ ಹಾಸ್ಯ ಈ ಶಾಸನದ ಬಿಗುವನ್ನು ಸಡಿಲಿಸುತ್ತದೆ ಮಾತ್ರವಲ್ಲ, ಹೇಳಲು ಹಿಂಜರಿಯುತ್ತಿದ್ದ ಮಗನ ಬಾಯಿಯನ್ನೂ ತೆರೆಸುತ್ತದೆ. ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬದಲ್ಲಿ ಸತ್ತವರಿಗೆ ಪ್ರಿಯವಾಗಿದ್ದ ಬಾಡು, ಹೆಂಡ, ಎಲೆಅಡಿಕೆಗಳನ್ನಿಟ್ಟು ಅವರ ಚಪಲಗಳನ್ನು ನೆನೆದು ನಗುವುದೂ ಇದೇ ಸಂವಾದದ ವಾರ್ಷಿಕ ಮುಂದುವರಿಕೆ. ಹೆಂಗಸರು ಹಾಡಿಕೊಂಡು ಅಳುವಾಗಲೂ ಹೊಗಳಿಕೆಯ ಜೊತೆಗೆ ದೂರುಗಳು ಬೆರೆತಿರುತ್ತವೆ ಎಂಬುದನ್ನು ಮರೆಯಬಾರದು.

ಪುರೋಹಿತರ ಹಸಿವು

ಉತ್ತರಕ್ರಿಯೆಯ ಖರ್ಚನ್ನು ಕುರಿತ ಹಾಸ್ಯಕ್ಕೆ ಕನ್ನಡದಲ್ಲಿ ಪ್ರಚಲಿತವಾದ ಉತ್ತಮ ನಿದರ್ಶನ ತೆನಾಲಿ ರಾಮಕೃಷ್ಣನ ಕಥೆ. ಮಾವಿನಹಣ್ಣಿನ ಆಸೆ ತೀರದೆ ರಾಜಮಾತೆ ಸಾಯುತ್ತಾಳೆ. ಅವಳ ಸದ್ಗತಿಗಾಗಿ ಬ್ರಾಹ್ಮಣರು ರಾಜನಿಂದ ಚಿನ್ನದ ಮಾವಿನಹಣ್ಣುಗಳನ್ನು ದಾನ ಪಡೆಯುತ್ತಾರೆ. ರಾಮಕೃಷ್ಣ ಅವರನ್ನು ತನ್ನ ಮನೆಗೆ ಕರೆದು ಕಾದ ಕಬ್ಬಿಣದಿಂದ ಬರೆ ಹಾಕುತ್ತಾನೆ. ವಾತರೋಗದಿಂದ ನರಳುತ್ತಿದ್ದ ತನ್ನ ತಾಯಿ ಬರೆ ಹಾಕಿಸಿಕೊಳ್ಳುವ ಆಸೆ ತೀರದೆ ಸತ್ತಳು ಎಂಬುದು ಅವನ ಸಮರ್ಥನೆ. ಸತ್ತವರ ಆಸೆಯನ್ನು ಬದುಕಿರುವವರು ತಮ್ಮ ಲಾಭಕ್ಕೆ ತಕ್ಕಂತೆ ಓದಿಕೊಳ್ಳುತ್ತಾರೆ ಎಂಬ ವಿಮರ್ಶೆ ಈ ಕಥೆಯ ಆಶಯ. ಕಾಗೆಯ ಎದುರಿನ ಮಾತಿಗೂ ಇದಕ್ಕೂ ಇರುವ ಅಂತರ ಸ್ಪಷ್ಟ. ಅಲ್ಲಿ ಆಸೆಯನ್ನು ಊರು ಸೇರಿ ಊಹಿಸುತ್ತದೆ. ಇಲ್ಲಿ ಪಡೆಯುವವನೇ ವ್ಯಾಖ್ಯಾನಕಾರ.

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯನ್ನು ಧರ್ಮಸಂಕಟದ, ಅಸ್ತಿತ್ವದ ಪ್ರಶ್ನೆಯ ಕೃತಿಯಾಗಿ ಓದಲಾಗಿದೆ. ಅದರೊಳಗೆ ಹರಿಯುವ ಜನಪದ ಹಾಸ್ಯದ ಎಳೆಗೆ ಅಷ್ಟು ಗಮನ ಸಂದಿಲ್ಲ. ಆಚಾರಗೆಟ್ಟ ನಾರಣಪ್ಪ ಸತ್ತಿದ್ದಾನೆ. ಶವ ಎತ್ತುವವರೆಗೆ ಅಗ್ರಹಾರದವರು ಉಣ್ಣುವಂತಿಲ್ಲ. ಚಂದ್ರಿ ತನ್ನ ಒಡವೆಗಳನ್ನು ಮುಂದಿಟ್ಟ ಕ್ಷಣದಿಂದ, ತಪ್ಪಿಸಿಕೊಳ್ಳಬೇಕೆನಿಸಿದ್ದ ಸಂಸ್ಕಾರದ ಹಕ್ಕಿಗಾಗಿ ಪೈಪೋಟಿ ಆರಂಭವಾಗುತ್ತದೆ. ಸಾವು ಮತ್ತು ತಿಥಿಗಳ ಊಟದಿಂದಲೇ ಬದುಕುವ ದಾಸಾಚಾರ್ಯನಿಗೆ ಸಾವೊಂದರಿಂದಲೇ ಉಪವಾಸ ಬಿದ್ದಿರುವುದು ತೆನಾಲಿಯ ಕಥೆಗೆ ಸಮನಾದ ವ್ಯಂಗ್ಯ. ಆದರೆ ದೂರ್ವಾಸಪುರದಲ್ಲಿ ಈ ಹಸಿವನ್ನು ಯಾರೂ ಬಾಯಿಬಿಟ್ಟು ಹೇಳುವಂತಿಲ್ಲ; ಹಾಸ್ಯ ಓದುಗನಿಗೆ ಲಭ್ಯವಾಗುತ್ತದೆಯೇ ಹೊರತು ಪಾತ್ರಗಳಿಗಲ್ಲ. ನಗಲಾರದ ಆ ಸಮುದಾಯ ನಿರ್ಣಯಕ್ಕಾಗಿ ಗ್ರಂಥಗಳತ್ತ ನೋಡುತ್ತದೆ. ಗ್ರಂಥ ಮೌನವಾಗಿರುವಾಗ ಹೆಣ ಕೊಳೆಯುತ್ತದೆ. ಕೊನೆಗೆ ಅಗ್ರಹಾರಕ್ಕೆ ತಿಳಿಯದಂತೆ, ಮುಸ್ಲಿಂ ವ್ಯಾಪಾರಿಯೊಬ್ಬನ ನೆರವಿನಿಂದ, ಚಂದ್ರಿಯೇ ಶವವನ್ನು ಸುಡಿಸುತ್ತಾಳೆ. ಮಾತು ಸೋತಲ್ಲಿ ಸಂಸ್ಕಾರ ಗುಟ್ಟಿನ ಕೆಲಸವಾಗುತ್ತದೆ.

ಕಾಗದದ ಸಾವು

ಅರ್ಧ ಶತಮಾನದ ನಂತರ ಬಂದ ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’ ಚಿತ್ರವೂ ಉತ್ತರಕ್ರಿಯೆಯ ಪದವನ್ನೇ ಹೆಸರಾಗಿ ಇಟ್ಟುಕೊಂಡಿದೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಅದೇ ಊರಿನ ಈರೇಗೌಡರು ಚಿತ್ರಕಥೆಯಲ್ಲಿ ಪಾಲ್ಗೊಂಡು, ವೃತ್ತಿನಟರಲ್ಲದ ಹಳ್ಳಿಗರೇ ಅಭಿನಯಿಸಿದ ಚಿತ್ರವಿದು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪುರಸ್ಕೃತವಾಗಿ, 63ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವೆನಿಸಿ, 2016ರಲ್ಲಿ ತೆರೆಕಂಡಿತು. ದಾರಿಹೋಕರನ್ನೆಲ್ಲ ಬೈದು ಗೇಲಿ ಮಾಡುತ್ತ ಕುಳಿತ, ನೂರು ದಾಟಿದ ಸೆಂಚುರಿ ಗೌಡ ಚಿತ್ರದ ಆರಂಭದಲ್ಲಿಯೇ ಕುಸಿದು ಸಾಯುತ್ತಾನೆ. ಹನ್ನೊಂದನೆಯ ದಿನದ ತಿಥಿಯವರೆಗಿನ ಅವಧಿಯೇ ಕಥನದ ಚೌಕಟ್ಟು.

ಚಿತ್ರವನ್ನು ಗ್ರಾಮ್ಯ ಹಾಸ್ಯದ ನಿದರ್ಶನವಾಗಿ ಮೆಚ್ಚಿದವರು ಅದರಲ್ಲಿ ಎರಡು ಬಗೆಯ ಮರಣಯೋಜನೆಗಳು ಎದುರುಬದುರಾಗಿರುವುದನ್ನು ಗಮನಿಸಬೇಕು. ಮೊದಲನೆಯದು ಬಹಿರಂಗವಾದುದು. ದಿನ ಗೊತ್ತುಮಾಡುವುದು, ಸಾಲ ತರುವುದು, ಕುರಿ ಹೊಂದಿಸುವುದು, ಊರೂರಿಗೆ ಕರೆಯುವುದು ಇವೆಲ್ಲ ಎಲ್ಲರ ಎದುರು, ಚೌಕಾಸಿ ಮತ್ತು ನಗೆಯ ನಡುವೆ ನಡೆಯುತ್ತವೆ. ಎರಡನೆಯದು ಗುಟ್ಟಿನದು. ಮುದುಕನ ಹೆಸರಿನಲ್ಲಿರುವ ಐದು ಎಕರೆ ಹೊಲವನ್ನು ಮಾರಲು ಮೊಮ್ಮಗ ತಮ್ಮಣ್ಣ ಹೊರಟಿದ್ದಾನೆ. ಹಿರಿಯ ಮಗ ಗಡ್ಡಪ್ಪನಿಗೆ ಹೊಲದ ಗೊಡವೆಯೂ ಬೇಡ, ಕಾಗದದ ಗೊಡವೆಯೂ ಬೇಡ. ಆದ್ದರಿಂದ ತಮ್ಮಣ್ಣ ಬದುಕಿರುವ ತಂದೆಗೆ ಮರಣಪತ್ರ ಮಾಡಿಸಿ, ಕೈಗೆ ಹಣ ಕೊಟ್ಟು ಅವನನ್ನು ಊರಿನಿಂದಲೇ ದೂರ ಕಳುಹಿಸುತ್ತಾನೆ.

ತಂದೆ ಮಕ್ಕಳ ನಡುವಿನ ಮೌನದ ಪರಿಣಾಮ ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಸೆಂಚುರಿ ಗೌಡ ಊರನ್ನೆಲ್ಲ ಗೇಲಿ ಮಾಡಬಲ್ಲವನಾಗಿದ್ದ. ಅವನ ಮಗ ಮತ್ತು ಮೊಮ್ಮಗನ ನಡುವೆ ಅಂತಹ ಒಂದು ಮಾತೂ ಸಾಧ್ಯವಿಲ್ಲ. 1969ರ ಜನನ ಮರಣ ನೋಂದಣಿ ಅಧಿನಿಯಮದ ಪ್ರಕಾರ ಸಾವು ಇಪ್ಪತ್ತೊಂದು ದಿನಗಳೊಳಗೆ ದಾಖಲಾಗಬೇಕಾದ ಸಂಗತಿ. ಆ ದಾಖಲೆ ಸುಳ್ಳಾದಾಗ ಅದನ್ನು ಪ್ರಶ್ನಿಸಬಲ್ಲ ಸಾಕ್ಷಿ ಕಚೇರಿಯಲ್ಲಿಲ್ಲ. ಗಡ್ಡಪ್ಪ ಕುರುಬರ ಹಟ್ಟಿಯವರನ್ನು ಸೇರಿ, ಬೆಂಕಿಯ ಮುಂದೆ ತನ್ನ ಬಾಳಿನ ನೋವನ್ನು ಅಪರಿಚಿತರಿಗೆ ಹೇಳಿಕೊಳ್ಳುತ್ತಾನೆ. ಮನೆಯಲ್ಲಿ ಆಡಲಾಗದ ಮಾತು ಬಯಲಿನಲ್ಲಿ ಹೊರಬರುತ್ತದೆ. ತಿಥಿಯ ದಿನ, ಕಾಗದದಲ್ಲಿ ಸತ್ತವನು ತಂದೆಯ ತಿಥಿಗೆ ಕಾಲುನಡೆದು ಬರುತ್ತಾನೆ. ಪ್ರೇಕ್ಷಕರು ನಗುತ್ತಾರೆ. ಆ ನಗೆ ಜಗಲಿಯ ನಗೆಯಲ್ಲ. ಬಯಲಾದ ಗುಟ್ಟಿಗೆ ಬರುವ ನಗೆ. ‘ಸಂಸ್ಕಾರ’ದಲ್ಲಿ ಗ್ರಂಥ ಮಾಡಿದ ಕೆಲಸವನ್ನು ‘ತಿಥಿ’ಯಲ್ಲಿ ಕಚೇರಿಯ ಕಾಗದ ಮಾಡಿದೆ: ಎದುರುಬದುರಿನ ಮಾತನ್ನು ಅದು ಸ್ಥಾನಪಲ್ಲಟಗೊಳಿಸಿದೆ.

ನಗೆಯ ಗಡಿಗಳು

ಈ ಹಾಸ್ಯಪರಂಪರೆಯನ್ನು ಕೊಂಡಾಡುವಾಗ ಅದರ ಗಡಿಗಳನ್ನು ಗುರುತಿಸದಿದ್ದರೆ ವಿವೇಚನೆ ಏಕಮುಖವಾಗುತ್ತದೆ. ಮೊದಲನೆಯದಾಗಿ, ನಗೆ ಸಲ್ಲುವುದು ಹಣ್ಣಾದ ಸಾವಿಗೆ ಮಾತ್ರ. ಎಳೆಯರ ಸಾವಿನಲ್ಲಿ, ಬಾಣಂತಿಯ ಸಾವಿನಲ್ಲಿ, ಸಾಲಕ್ಕೆ ಹೆದರಿ ರೈತ ತಾನೇ ತಂದುಕೊಂಡ ಸಾವಿನಲ್ಲಿ ಊರು ನಗುವುದಿಲ್ಲ. ಎರಡನೆಯದಾಗಿ, ಅದೇ ಮನೆಯಂಗಳದಲ್ಲಿ ಮುದುಕನ ಚಪಲಗಳನ್ನು ನೆನೆದು ಗಂಡಸರು ನಗುತ್ತಿರುವಾಗ ಅವನ ಹೆಂಡತಿಯ ಬಳೆ ಒಡೆಯಲಾಗುತ್ತಿರುತ್ತದೆ. ಸಾವನ್ನು ಕುರಿತು ತಮಾಷೆಯಾಗಿ ಮಾತನಾಡುವ ಮುದುಕಿಯರು ಬಹಳ ಮಂದಿಯಿದ್ದಾರೆ. ಮುತ್ತೈದೆಯಾಗಿ ಹೋಗಬೇಕೆಂಬುದು ಅವರ ನಗೆಯೊಳಗಿನ ಭಯ. ‘ತಿಥಿ’ಯ ಕೇಂದ್ರದಲ್ಲಿರುವುದೂ ಭೂಮಿಯುಳ್ಳ ಮನೆತನದ ಗಂಡಸರ ನಾಲ್ಕು ತಲೆಮಾರುಗಳೇ.

ಮೂರನೆಯ ಗಡಿ ಜಾತಿಯದು. ಚಟ್ಟದ ಮುಂದೆ ತಮಟೆ ಬಡಿಯುವುದು, ಕುಣಿಯುವುದು, ಸಾವಿನ ಸುದ್ದಿಯನ್ನು ಊರೂರಿಗೆ ಮುಟ್ಟಿಸುವುದು ಬಹುಕಾಲ ದಲಿತರ ಮೇಲೆ ಹೇರಿದ ಚಾಕರಿಗಳಾಗಿದ್ದವು. ಮೇಲ್ಜಾತಿಯ ಮುದುಕ ನಗುತ್ತ ತನ್ನ ಮೆರವಣಿಗೆಯ ವೈಭವವನ್ನು ಕಲ್ಪಿಸಿಕೊಳ್ಳುವಾಗ ಬೇರೆಯವರ ಬಿಟ್ಟಿ ದುಡಿಮೆಯನ್ನು ಲೆಕ್ಕಕ್ಕೆ ಹಿಡಿದೇ ಮಾತನಾಡುತ್ತಿರುತ್ತಾನೆ. ಈ ಕಡ್ಡಾಯವನ್ನು ದಲಿತ ಚಳವಳಿ ಪ್ರಶ್ನಿಸಿತು. ಅದೇ ತಮಟೆಯನ್ನು ಪ್ರತಿಭಟನೆಯ ವಾದ್ಯವನ್ನಾಗಿ ಮಾಡಿಕೊಂಡಿತು. ಸಾವಿನ ಮೆರವಣಿಗೆಯನ್ನು ಬಾಖ್ತಿನ್ ಹೇಳುವ ಜಾತ್ರೆಯ ಸಮಾನತೆಯ ನಗೆಯೆಂದು ವರ್ಣಿಸಲು ಮುಂದಾಗುವ ಜಾನಪದ ವಿದ್ವಾಂಸರು ತಮಟೆ ಹಿಡಿದವನ ಮುಖವನ್ನೂ ನೋಡಬೇಕಾಗುತ್ತದೆ. ಹೊರಲು ನಾಲ್ಕು ಜನ ಬೇಕೆಂಬ ಮಾತು ಎಲ್ಲರಿಗೂ ಒಂದೇ ಅಲ್ಲ. ಕೆಲವರಿಗೆ ಅದು ಸ್ನೇಹದ ಮಾತು, ಕೆಲವರಿಗೆ ಅಪ್ಪಣೆ.

ಈ ಪ್ರಶ್ನೆಗಳು ಗತಕಾಲದವಲ್ಲ. ಘನತೆಯಿಂದ ಸಾಯುವ ಹಕ್ಕನ್ನು ಮಾನ್ಯಮಾಡಿ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿತು. ಮುಂಗಡ ವೈದ್ಯಕೀಯ ನಿರ್ದೇಶನ ಬರೆದಿಡುವ ವಿಧಾನವನ್ನು 2023ರಲ್ಲಿ ಸರಳಗೊಳಿಸಿತು. ಅದರ ಅನುಷ್ಠಾನಕ್ಕಾಗಿ 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಆದೇಶ ಹೊರಡಿಸಿತು. ಕೊನೆಯ ದಿನಗಳ ಚಿಕಿತ್ಸೆಯ ಬಗ್ಗೆ ವ್ಯಕ್ತಿ ತನ್ನ ಇಚ್ಛೆಯನ್ನು ಈಗ ಕಾಗದದಲ್ಲಿ ಹೇಳಬಹುದು. ಇದು ಅಗತ್ಯವಾದ ಕಾಗದ. ಆದರೆ ಅದನ್ನು ಬರೆಯುವ ಮುನ್ನ ಮನೆಯವರೆಲ್ಲ ಕುಳಿತು ಆ ಮಾತನ್ನು ಎತ್ತಬೇಕಲ್ಲ, ಅದನ್ನು ಎತ್ತುವ ಬಗೆಯನ್ನು ಕಾನೂನು ಕಲಿಸಲಾರದು. ಜಗಲಿಯ ಮುದುಕರಿಗೆ ಅದು ಗೊತ್ತಿತ್ತು. ತಮ್ಮ ಸಾವನ್ನು ತಾವೇ ಮೊದಲು ಗೇಲಿ ಮಾಡುವ ಮೂಲಕ ಅವರು ಉಳಿದವರಿಗೆ ಕೇಳುವ ಧೈರ್ಯ ಕೊಡುತ್ತಿದ್ದರು. ‘ಶರಣರ ಗುಣ ಮರಣದಲ್ಲಿ’ ಎಂಬ ಗಾದೆಗೆ ಜನಪದರ ಬದುಕು ಸೇರಿಸಿದ ವಿವರಣೆಯೆಂದರೆ, ಆ ಗುಣ ಕಾಣುವುದು ಸಾಯುವ ಗಳಿಗೆಯಲ್ಲಿ ಮಾತ್ರವಲ್ಲ, ಸಾವಿನ ಮಾತನ್ನು ಮಕ್ಕಳ ಎದುರು ಮೊದಲು ಎತ್ತುವ ಗಳಿಗೆಯಲ್ಲಿಯೂ.