ಮೊದಲ ಮಾತಿನ ವಯಸ್ಸು ಯಾವ ನುಡಿಯದು? ಸ್ವಲೀನತೆಯ ಜೈವಿಕ ಸಂಶೋಧನೆಗಳ ಭಾಷಿಕ ಆಧಾರ: ಒಂದು ವಿಮರ್ಶೆ

ಸ್ವಲೀನತೆಯ ಬೇರುಗಳು ಮೆದುಳಿನ ಬೆಳವಣಿಗೆಯಲ್ಲಿವೆ ಎಂಬುದು ಇಂದು ವಿವಾದದ ಸಂಗತಿಯಲ್ಲ. 1943ರಲ್ಲಿ ಲಿಯೊ ಕ್ಯಾನರ್ ಹನ್ನೊಂದು ಮಕ್ಕಳನ್ನು ವರ್ಣಿಸಿ, ಈ ಸ್ಥಿತಿ ಹುಟ್ಟಿನಿಂದಲೇ ಬಂದುದೆಂದು ಊಹಿಸಿದ್ದರು. ಆದರೂ ಮುಂದಿನ ದಶಕಗಳಲ್ಲಿ ತಾಯ್ತಂದೆಯರ ನಿರ್ಲಿಪ್ತತೆಯೇ ಇದಕ್ಕೆ ಕಾರಣವೆಂಬ ವಾದ ಬಲಗೊಂಡಿತು. 1967ರಲ್ಲಿ ಬ್ರೂನೊ ಬೆಟಲ್‌ಹೈಮ್ ಅದಕ್ಕೆ ಗ್ರಂಥರೂಪ ಕೊಟ್ಟರು. ಆ ವಾದವನ್ನು ಸಡಿಲಿಸಿದ್ದರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟರ್ ಅವರ 1977ರ ಅವಳಿಗಳ ಅಧ್ಯಯನದ ಪಾಲು ದೊಡ್ಡದು. ಒಂದೇ ಅಂಡದಿಂದ ಹುಟ್ಟಿದ 11 ಜೋಡಿಗಳ ಪೈಕಿ 4ರಲ್ಲಿ ಇಬ್ಬರೂ ಸ್ವಲೀನರಾಗಿದ್ದರು. ಬೇರೆ ಬೇರೆ ಅಂಡಗಳಿಂದ ಹುಟ್ಟಿದ 10 ಜೋಡಿಗಳಲ್ಲಿ ಒಂದರಲ್ಲಿಯೂ ಹಾಗಿರಲಿಲ್ಲ. ಇಂದು ಬೆಂಗಳೂರಿನ ಇನ್‌ಸ್ಟೆಮ್, ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಗಳಂತಹ ಸಂಸ್ಥೆಗಳಲ್ಲಿ ಎಫ್‌ಎಂಆರ್1, ಸಿನ್‌ಗ್ಯಾಪ್1 ಮೊದಲಾದ ವಂಶವಾಹಿಗಳ ದೋಷವು ನರಕೋಶಗಳ ಸಂಧಿಗಳನ್ನು ಹೇಗೆ ಬಾಧಿಸುತ್ತದೆ ಎಂಬುದರ ಶೋಧ ನಡೆದಿದೆ. ಈ ಮಾರ್ಗದ ಬಗ್ಗೆ ನಮಗೆ ತಕರಾರಿಲ್ಲ. ನಮ್ಮ ತಕರಾರು, ಈ ಮಾರ್ಗದೊಳಕ್ಕೆ ಭಾಷೆಯು ಪ್ರವೇಶಿಸುವ ಬಾಗಿಲಿನ ಬಗ್ಗೆ.

ಇಲಿಯ ಮೆದುಳನ್ನು ಪರಿಶೀಲಿಸುವಾಗ ಆ ಬಾಗಿಲು ಮುಚ್ಚಿರುತ್ತದೆ. ಮನುಷ್ಯರ ವಂಶವಾಹಿ ಅಧ್ಯಯನದಲ್ಲಿ ಅದು ತೆರೆಯುತ್ತದೆ. 2008ರಲ್ಲಿ ಮಾರಿಸೆಲಾ ಅಲಾರ್ಕನ್ ಮತ್ತು ಸಂಗಡಿಗರು ಸಿಎನ್‌ಟಿಎನ್‌ಎಪಿ2 ಎಂಬ ವಂಶವಾಹಿಯನ್ನು ಸ್ವಲೀನತೆಗೆ ಜೋಡಿಸಿದಾಗ ಬಳಸಿದ ಅಳತೆ, ಮಗು ಮೊದಲ ಪದ ಆಡಿದ ವಯಸ್ಸು. ವ್ಯಾಪಕ ಬಳಕೆಯಲ್ಲಿರುವ ಪೋಷಕರ ಸಂದರ್ಶನ ಮಾಪನ ಎಡಿಐ-ಆರ್, ಮೊದಲ ಪದದ ಜೊತೆಗೆ ಮೊದಲ ಪದಗುಚ್ಛದ ವಯಸ್ಸನ್ನೂ ಕೇಳುತ್ತದೆ. ಗುಚ್ಛವೆಂದರೆ ಎರಡು ಪದ. ಅವುಗಳಲ್ಲಿ ಒಂದು ಕ್ರಿಯಾಪದವಾಗಿರಬೇಕು. ಇಂಗ್ಲಿಷಿಗೆ ಈ ವ್ಯಾಖ್ಯೆ ಸಹಜ. ಕನ್ನಡದಲ್ಲಿ ‘ಇದು ಚೆಂಡು’ ಎಂಬುದು ಪೂರ್ಣ ವಾಕ್ಯ, ಆದರೆ ಅಲ್ಲಿ ಕ್ರಿಯಾಪದವಿಲ್ಲ. ‘ಬರ್ತೇನೆ’ ಎಂಬ ಒಂದೇ ಪದದಲ್ಲಿ ಕ್ರಿಯೆ, ಕಾಲ, ಪುರುಷ, ವಚನ ಎಲ್ಲವೂ ಇವೆ, ಆದರೆ ಅದು ಎರಡು ಪದವಲ್ಲ. ಈ ವ್ಯಾಖ್ಯೆಯನ್ನು ಅಕ್ಷರಶಃ ಅನ್ವಯಿಸಿದರೆ ಎರಡೂ ಲೆಕ್ಕದಿಂದ ಹೊರಗುಳಿಯುತ್ತವೆ.

ಸರ್ವನಾಮ ವಿಪರ್ಯಯದ ಸಂಗತಿ ಇನ್ನೂ ಸೂಕ್ಷ್ಮ. ಮಗು ‘ನಾನು’ ಎನ್ನಬೇಕಾದಲ್ಲಿ ‘ನೀನು’ ಎನ್ನುವುದನ್ನು ಕ್ಯಾನರ್ ಗುರುತಿಸಿದ್ದರು. ಬೆಟಲ್‌ಹೈಮ್ ಇದರಲ್ಲಿ ‘ನಾನು’ವಿನ ನಿರಾಕರಣೆಯನ್ನು ಕಂಡರು. 1974ರಲ್ಲಿ ಲಾರೆನ್ಸ್ ಬಾರ್ಟಕ್ ಮತ್ತು ರಟರ್, ಇದು ನಿರಾಕರಣೆಯಲ್ಲ, ಕೇಳಿದ ಮಾತನ್ನು ಹಾಗೆಯೇ ಮರುನುಡಿಯುವುದರ ಫಲ ಎಂದು ತೋರಿಸಿದರು. ಇಂಗ್ಲಿಷಿನಲ್ಲಿ ಮರುನುಡಿ ಸರ್ವನಾಮದಿಂದ ಬಯಲಾಗುತ್ತದೆ. ಕನ್ನಡದ ಮಗುವಿನ ನಿತ್ಯದ ಬೇಡಿಕೆಯೋ ‘ನೀರು ಬೇಕು’. ಇಲ್ಲಿ ಕರ್ತೃಸ್ಥಾನದ ‘ನನಗೆ’ ಲುಪ್ತ. ‘ಬೇಕು’ ಯಾವ ಪುರುಷಪ್ರತ್ಯಯವನ್ನೂ ಪಡೆಯುವುದಿಲ್ಲ. ಬಾಯಾರಿದ ಮಗು ‘ನೀರು ಬೇಕಾ’ ಎಂದಾಗ ಮರುನುಡಿಯ ಕುರುಹು ಇರುವುದು ಸರ್ವನಾಮದಲ್ಲಲ್ಲ, ಕೊನೆಯ ಪ್ರಶ್ನಾರ್ಥಕ ‘ಆ’ಕಾರದಲ್ಲಿ. ತುಳುವಿನ ‘ಬೋಡು’, ‘ಬೋಡಾ’ಗಳ ನಡುವೆಯೂ ಇದೇ ಅಂತರ. ಆಡುಗನ್ನಡದ ಭೂತಕಾಲದಲ್ಲಿ ‘ನಾನು ಬಂದೆ’, ‘ನೀನು ಬಂದೆ’ ಎರಡಕ್ಕೂ ಒಂದೇ ರೂಪವಿರುವುದರಿಂದ, ಸರ್ವನಾಮ ಬಿಟ್ಟುಹೋದರೆ ವಿಪರ್ಯಯ ಕಾಣುವುದೇ ಇಲ್ಲ. ಸರ್ವನಾಮವನ್ನೇ ಹುಡುಕುವ ಪರೀಕ್ಷಕನಿಗೆ ಇಲ್ಲಿ ಏನೂ ಸಿಗುವುದಿಲ್ಲ. ಸಿಗದಿರುವುದು ಲಕ್ಷಣದ ಅಭಾವವೆಂದು ದಾಖಲಾಗುತ್ತದೆ.

ಮಾಪನವನ್ನು ಶಿಷ್ಟ ಕನ್ನಡಕ್ಕೆ ತಂದರೆ ಸಾಕೆ? ದಕ್ಷಿಣ ಕನ್ನಡದ ಪಂಜ ಸೀಮೆಯನ್ನು ನೋಡೋಣ. ತುಳು, ಅರೆಭಾಷೆ, ಹವ್ಯಕ ಕನ್ನಡಗಳು ಇಲ್ಲಿ ಅಕ್ಕಪಕ್ಕದ ಮನೆಮಾತುಗಳು. ಕನ್ನಡ ಶಾಲೆಯ ನುಡಿ. ಈ ಕಡೆಯ ಹವ್ಯಕರಲ್ಲಿ ‘ಅಮ್ಮ ಬಂತು’ ಎಂಬುದು ನಿಯಮಬದ್ಧ ಪ್ರಯೋಗ; ಹೆಂಗಸರಿಗೂ ನಪುಂಸಕ ರೂಪವೇ ಸಲ್ಲುತ್ತದೆ. ಶಿಷ್ಟ ಕನ್ನಡದ ಅಳತೆಗೋಲಿನಲ್ಲಿ ಅದು ಲಿಂಗದೋಷವಾದೀತು. ತುಳುವಿನಲ್ಲಿ ‘ನಾನು ಮಾಡುತ್ತೇನೆ’, ‘ಅವನು ಮಾಡುತ್ತಾನೆ’ ಎರಡನ್ನೂ ಕನ್ನಡ ಲಿಪಿಯಲ್ಲಿ ‘ಮಳ್ಪುವೆ’ ಎಂದೇ ಬರೆಯುತ್ತೇವೆ. ಉಚ್ಚಾರದಲ್ಲಿ ಮೊದಲನೆಯದರ ಕೊನೆಯ ಸ್ವರ ‘ಬ್ಯಾಂಕ್’ ಪದದ ಸ್ವರದಂತೆ ವಿವೃತ; ಎರಡನೆಯದರದು ಸಾಮಾನ್ಯ ಎಕಾರ. ಮಗು ತನ್ನನ್ನು ಕುರಿತು ಹೇಳಿತೋ ಇನ್ನೊಬ್ಬನನ್ನು ಕುರಿತೋ ಎಂಬ, ಸ್ವಲೀನತೆಯ ಅಧ್ಯಯನಕ್ಕೆ ಅತ್ಯಗತ್ಯವಾದ ವ್ಯತ್ಯಾಸ ಹೀಗೆ ಲಿಪ್ಯಂತರದ ಹಂತದಲ್ಲಿಯೇ ಅಳಿಸಿಹೋಗುತ್ತದೆ.

ಯಾವ ನುರಿತ ವೈದ್ಯರೂ ಒಂದೇ ಅಂಶದಿಂದ ನಿರ್ಣಯಕ್ಕೆ ಬರುವುದಿಲ್ಲ ಎಂಬ ಸಮಾಧಾನ ಇಲ್ಲಿ ಎದುರಾಗಬಹುದು. ಚಿಕಿತ್ಸಾಲಯದ ಮಟ್ಟಿಗೆ ಅದು ನಿಜ: ಒಂದು ಅಂಶದ ಕೊರತೆಯನ್ನು ಉಳಿದವು ತುಂಬುತ್ತವೆ. ಆದರೆ ಅದೇ ಒಂದು ಅಂಶವನ್ನು ಬಿಡಿಸಿ ತೆಗೆದು, ಸಂಖ್ಯೆಯಾಗಿಸಿ, ವಂಶವಾಹಿಯೊಂದಿಗೆ ತಾಳೆ ನೋಡುವಾಗ ಆ ರಕ್ಷಣೆ ಇರುವುದಿಲ್ಲ. ಆಗ ನುಡಿಯ ರಚನೆಯಿಂದ ಬಂದ ವ್ಯತ್ಯಾಸವು ಮೆದುಳಿನ ವ್ಯತ್ಯಾಸವೆಂದು ಎಣಿಕೆಯಾಗುವ ಅಪಾಯವಿದೆ.

ಇದರ ಪರಿಣಾಮ ಪ್ರಯೋಗಾಲಯಕ್ಕಷ್ಟೇ ಸೀಮಿತವಲ್ಲ. ಮಗುವಿನ ಮಾತು ತಡವಾದಾಗ ಮನೆಯ ಹಲವು ನುಡಿಗಳನ್ನು ಬಿಟ್ಟು ಒಂದನ್ನೇ ಆಡಿ ಎಂಬ ಸಲಹೆ ಹುಟ್ಟುವುದು ಇಂತಹ ಏಕಭಾಷಿಕ ಕಲ್ಪನೆಯಿಂದಲೇ. ಕ್ಯಾಥರೀನ್ ಹ್ಯಾಂಬ್ಲಿ ಮತ್ತು ಎರಿಕ್ ಫೊಂಬಾನ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ನುಡಿಗಳ ನಡುವೆ ಬೆಳೆದ ಸ್ವಲೀನ ಮಕ್ಕಳಿಗೆ ಅದರಿಂದ ಹೆಚ್ಚುವರಿ ಹಿನ್ನಡೆಯಾದುದು ಕಂಡುಬರಲಿಲ್ಲ. ಪಂಜದ ಮನೆಯೊಂದು ಆ ಸಲಹೆಯನ್ನು ಪಾಲಿಸಿದರೆ, ಅಜ್ಜಿ ಮೊಮ್ಮಗುವಿನೊಡನೆ ಆಡಬಲ್ಲ ಏಕೈಕ ನುಡಿಯೇ ನಿಂತುಹೋದೀತು. ಮಾತಿಗಾಗಿ ಮೊದಲೇ ಹೆಣಗುವ ಮಗುವಿಗೆ ಇದು ಸಣ್ಣ ನಷ್ಟವಲ್ಲ.

ಹವ್ಯಕ ಕನ್ನಡಕ್ಕೆ ವ್ಯಾಕರಣ ಬರೆದ ಡಿ. ಎನ್. ಶಂಕರ ಭಟ್ಟರು, ಸರ್ವನಾಮಗಳನ್ನು ಕುರಿತ 2004ರ ಗ್ರಂಥದಲ್ಲಿ ‘ನಾನು’, ‘ನೀನು’ಗಳ ಕೆಲಸವೇ ಬೇರೆ ಎಂದು ವಾದಿಸಿದ್ದಾರೆ: ಅವು ಮಾತಿನ ಪಾತ್ರಗಳನ್ನು ಸೂಚಿಸುತ್ತವೆ, ಉಳಿದ ಸರ್ವನಾಮಗಳಂತೆ ವ್ಯಕ್ತಿವಸ್ತುಗಳನ್ನು ನಿರ್ದೇಶಿಸುವುದಿಲ್ಲ. ಈ ವಿವೇಕ ಮಾಪನಗಳಿಗೂ ಬೇಕು. ಪಾತ್ರಸೂಚನೆ ಒಂದು ನುಡಿಯಲ್ಲಿ ಸರ್ವನಾಮದಿಂದ, ಇನ್ನೊಂದರಲ್ಲಿ ಆಖ್ಯಾತ ಪ್ರತ್ಯಯದಿಂದ, ಮತ್ತೊಂದೆಡೆ ಬರಿಯ ಪ್ರಶ್ನಾಪ್ರತ್ಯಯದಿಂದ ತಿಳಿಯಬಹುದು. ಆಯಾ ನುಡಿಯಲ್ಲಿ ಅದನ್ನು ಎಲ್ಲಿ ನೋಡಬೇಕೆಂದು ಹೇಳಬಲ್ಲವರು ಭಾಷಾವಿಜ್ಞಾನಿಗಳು. ತುಳು, ಅರೆಭಾಷೆ, ಹವ್ಯಕಗಳಲ್ಲಿ ಮಕ್ಕಳು ಮಾತು ಕಲಿಯುವ ಸಹಜ ಕ್ರಮದ ವಿವರಣೆ, ವಿವೃತ ಸ್ವರವನ್ನು ಬೇರೆಯಾಗಿ ಗುರುತಿಸುವ ಧ್ವನಿಲಿಪಿಯ ದಾಖಲೆ, ಗುಚ್ಛದ ಬದಲು ಪ್ರತ್ಯಯಗಳನ್ನು ಎಣಿಸುವ ಅಳತೆ: ಈ ಮೂರೂ ಸಿದ್ಧವಾದ ಮೇಲೆಯೇ, ಈ ಸೀಮೆಯ ಮಗುವಿನ ಮಾತಿನಿಂದ ಅದರ ಮೆದುಳಿನ ಬಗ್ಗೆ ಏನನ್ನಾದರೂ ಊಹಿಸಲು ನಮಗೆ ಅಧಿಕಾರ ಬರುತ್ತದೆ.