ದ್ರವಸ್ಫಟಿಕಗಳಲ್ಲಿ ಧ್ರುವಕ್ರಮ: ಒಂದು ಪ್ರಬಂಧದ ವಿಮರ್ಶೆ

ನೆಮ್ಯಾಟಿಕ್ ಎಂಬ ಬಗೆಯ ದ್ರವಸ್ಫಟಿಕದಲ್ಲಿ ಕಡ್ಡಿಯಾಕಾರದ ಅಣುಗಳು ಹರಿದಾಡುತ್ತಲೇ ಹೆಚ್ಚುಕಡಮೆ ಒಂದೇ ನೇರಕ್ಕೆ ನಿಲ್ಲುತ್ತವೆಂಬುದು ವಿದಿತವಾದ ವಿಷಯ. ಆದರೆ ಸಾಮಾನ್ಯವಾಗಿ ತಲೆ ಮೇಲಾದವು ಎಷ್ಟೋ ತಲೆ ಕೆಳಗಾದವೂ ಅಷ್ಟೇ ಆಗಿರುವುದರಿಂದ, ಒಂದೊಂದು ಅಣುವಿಗೂ ವಿದ್ಯುದ್ಧ್ರುವಗಳಿದ್ದರೂ ಒಟ್ಟಿನಲ್ಲಿ ಅವು ಪರಸ್ಪರ ಅಳಿಸಿಹೋಗುತ್ತವೆ. ತಲೆಗಳು ಬಹುಮಟ್ಟಿಗೆ ಒಂದು ಕಡೆಗೇ ತಿರುಗಿದ ನೆಮ್ಯಾಟಿಕ್ಕನ್ನು ಸ್ಪಷ್ಟವಾಗಿ ತೋರಿಸಿಕೊಟ್ಟದ್ದು, ಕೊಲೊರಾಡೊ ವಿಶ್ವವಿದ್ಯಾನಿಲಯದ ನೋಯೆಲ್ ಕ್ಲಾರ್ಕ್ ಮೊದಲಾದವರು 2020ರಲ್ಲಿ ಅಮೆರಿಕೆಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ನಡಾವಳಿಯಲ್ಲಿ ಪ್ರಕಟಿಸಿದ ಪ್ರಬಂಧ. ಅದರ ಗುಣದೋಷಗಳ ವಿವೇಚನೆಯೇ ಇಲ್ಲಿಯ ಉದ್ದೇಶ.

ಪ್ರಯೋಗಭಾಗವು ಶ್ಲಾಘ್ಯವಾಗಿದೆ. ಆರ್‌ಎಂ 734 ಎಂಬ ದ್ರವ್ಯವು ತಣಿಯುತ್ತ ಸುಮಾರು 133 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿದಾಗ, ಹೊರಗಿನ ವಿದ್ಯುತ್ ಕ್ಷೇತ್ರದ ಪ್ರೇರಣೆಯಿಲ್ಲದೆಯೇ ಪರಸ್ಪರ ವಿರುದ್ಧ ಧ್ರುವತೆಯುಳ್ಳ ಪ್ರದೇಶಗಳು ಅದರಲ್ಲಿ ಮೂಡುತ್ತವೆ. ಸೆಂಟಿಮೀಟರಿಗೆ 1 ವೋಲ್ಟಿನಷ್ಟು ಅತ್ಯಲ್ಪ ಕ್ಷೇತ್ರಕ್ಕೂ ದ್ರವವು ಓಗೊಡುತ್ತದೆ. ಧ್ರುವೀಕರಣವು ಚದರ ಸೆಂಟಿಮೀಟರಿಗೆ ಸುಮಾರು 6 ಮೈಕ್ರೊಕೂಲಂಬನ್ನು ಮುಟ್ಟುತ್ತದೆ. ಕಣ್ಣಿಗೆ ಕಂಡದ್ದನ್ನೂ ಅಳತೆಗೆ ಸಿಕ್ಕಿದ್ದನ್ನೂ ಲೇಖಕರು ಒಂದಕ್ಕೊಂದು ಸಾಕ್ಷಿಯಾಗಿ ನಿಲ್ಲಿಸಿದ್ದಾರೆ.

ಆಕ್ಷೇಪವಿರುವುದು ಶಿರೋಭಾಗದ ಮಹತ್ತ್ವನಿರೂಪಣೆಯಲ್ಲಿ. ಡಿಬೈ ಮತ್ತು ಮ್ಯಾಕ್ಸ್ ಬೋರ್ನ್ ಇಂಥ ದ್ರವವನ್ನು 1910ರ ದಶಕದಲ್ಲಿಯೇ ಮುಂಗಂಡಿದ್ದರೆಂದು ಅಲ್ಲಿ ಹೇಳಿದೆ. ಇದು ಸುಳ್ಳಲ್ಲ, ಆದರೆ ಅರ್ಧ ಮಾತು. ಬೋರ್ನನ 1916ರ ವಾದದಲ್ಲಿ ಅಣುಗಳು ಒಂದೇ ನೇರಕ್ಕೆ ನಿಲ್ಲುವುದಕ್ಕೆ ಧ್ರುವಗಳ ಪರಸ್ಪರ ಪ್ರಭಾವವೇ ಹೇತು. ಒಟ್ಟು ಧ್ರುವತೆಯಿಲ್ಲದ ಅಣುಗಳೂ ನೆಮ್ಯಾಟಿಕ್ ಸ್ಥಿತಿಗೆ ಬರುವುದು ಕಂಡುಬಂದಮೇಲೆ ಆ ಹೇತು ಬಿದ್ದುಹೋಯಿತು. ಆರ್‌ಎಂ 734ರಲ್ಲಿಯೂ ಮೊದಲು ತೋರುವುದು ಸಾಮಾನ್ಯ ನೆಮ್ಯಾಟಿಕ್ ಸ್ಥಿತಿ. ಇನ್ನೂ ತಣಿದಮೇಲೆಯೇ ಧ್ರುವಸ್ಥಿತಿ. ನೇರವೂ ಧ್ರುವವೂ ಒಟ್ಟಿಗೆ ಹುಟ್ಟುವುವೆಂಬ ಬೋರ್ನನ ನಿರೂಪಣೆಯನ್ನು ಈ ದ್ರವ್ಯವೇ ಅಲ್ಲಗಳೆಯುತ್ತದೆ.

ಹಾಗಾದರೆ ಬೋರ್ನನದು ಘುಣಾಕ್ಷರನ್ಯಾಯವೆ? ಅದೂ ಅಲ್ಲ. ಅಳೆದ ಧ್ರುವೀಕರಣವು ಅಣುಧ್ರುವಗಳೆಲ್ಲವೂ ಒಂದು ಕಡೆಗೆ ನಿಂತರೆ ಬರಬೇಕಾದ ಮೊತ್ತಕ್ಕೆ ಸಮೀಪವಾಗಿದೆ. ತಾರ್ಕಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಸಾಧ್ಯವು ನಿಂತಿತು, ಹೇತುವು ನಿಲ್ಲಲಿಲ್ಲ. ಮಗ್ಗುಲುಮಗ್ಗುಲಾಗಿ ಸಮದಿಕ್ಕಿನಲ್ಲಿ ನಿಂತ ಎರಡು ಧ್ರುವಯುಗ್ಮಗಳು ಒಂದನ್ನೊಂದು ದೂಡುತ್ತವೆಯಾದುದರಿಂದ ಬೇರೊಂದು ಹೇತುವನ್ನು ಅರಸಬೇಕಾಗಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎನ್. ವಿ. ಮಧುಸೂದನ ಅವರು 2021ರಲ್ಲಿ ಅಂಥದೊಂದು ಮಾದರಿಯನ್ನು ಮುಂದಿಟ್ಟರು: ಅಣುವಿನ ಉದ್ದಕ್ಕೂ ಧನ-ಋಣ ವಿದ್ಯುದಂಶಗಳು ಅಲೆಯಂತೆ ಹಂಚಿಹೋಗಿದ್ದರೆ, ನೆರೆಯ ಅಣು ತುಸು ಜಾರಿ ನಿಂತು ಸಮದಿಕ್ಕನ್ನೇ ಹಿಡಿಯಬಲ್ಲುದು.

ಭವಿಷ್ಯವು ಫಲಿಸಿದ ಮಾತ್ರಕ್ಕೆ ವಾದವು ಸಿದ್ಧವಾಗದು. ಈ ಭೇದವನ್ನು ಹೇಳುವುದರಿಂದ ಬೋರ್ನನ ಗೌರವಕ್ಕೆ ಕುಂದಿಲ್ಲ. ಹೇಳದಿದ್ದರೆ ಹೊಸ ಶೋಧವು ಹಳೆಯ ಮಾತಿನ ದೃಢೀಕರಣ ಮಾತ್ರವೆಂದೆನಿಸಿ, ಲೇಖಕರು ತಮ್ಮ ಕೃತಿಗೇ ಅನ್ಯಾಯ ಮಾಡಿಕೊಂಡಂತಾಗುತ್ತದೆ.